ಫೋಟೊ ಹೊಡೆದರೆ ಸಾಕು, ಕಂಪ್ಯೂಟರಿಗೆ ತಾನಾಗೇ ಬರಬೇಕು: ಒಂದು ಜೀನ್ಸ್ ಮನೆಯ ವೈಫೈ ಕೆಲಸ

ನಮ್ಮ ಭಾವ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆ ಹಿಂದಿನ ಶೆಡ್ಡಿನಲ್ಲೇ ಜೀನ್ಸ್ ಹೊಲಿಸುತ್ತಾರೆ. ಪ್ಯಾಂಟು ವಾಷಿಂಗಿಗೆ ಹೋಗಿ ಬಂದ ಮೇಲೆ ಪ್ರತಿ ಡಿಸೈನಿನದೂ ಮುಂದೆ, ಹಿಂದೆ, ಜೇಬು, ಬಟನ್, ತೊಡೆ ಮೇಲಿನ ಶೇಡ್ ಅಂತ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಅಕ್ಕ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು, ಲಾಟ್ ನಂಬರ್ ಕೊಟ್ಟು, ವ್ಯಾಪಾರಿಗಳಿಗೆ ಕಳಿಸುವ ಪಿಡಿಎಫ್ ಮಾಡುತ್ತಾಳೆ.

ಮೊಬೈಲಿನಿಂದ ಕಂಪ್ಯೂಟರಿಗೆ ಬರುವ ದಾರಿಯೇ ತಲೆನೋವು. ಫೋನಿನ ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆ. ಕೇಬಲ್ ಸ್ವಲ್ಪ ಅಲ್ಲಾಡಿದರೂ ಕಾಪಿ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ವಾಟ್ಸಾಪಿನಲ್ಲಿ ಕಳಿಸುವುದು, ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆಗೆದು ಇಳಿಸಿಕೊಳ್ಳುವುದು ರೂಢಿಯಾಗಿತ್ತು. ವಾಟ್ಸಾಪ್ ಫೋಟೊವನ್ನು ಕುಗ್ಗಿಸುತ್ತದೆ, ಎಲ್ಲರಿಗೂ ಗೊತ್ತು. ಮದುವೆ ಫೋಟೊ ಆದರೆ ನಡೆಯುತ್ತದೆ. ಜೀನ್ಸಿಗೆ ನಡೆಯಲ್ಲ. ಡೆನಿಮ್ಮಿನ ಓರೆ ನೇಯ್ಗೆ ಕಲಸಿಹೋಗುತ್ತದೆ. ಹಳದಿ ದಾರದ ಡಬಲ್ ಹೊಲಿಗೆ ಒಂದೇ ಗೀಟಿನ ಹಾಗೆ ಕಾಣುತ್ತದೆ. ಜೊತೆಗೆ ಫೋಟೊ ಯಾವತ್ತು ತೆಗೆದದ್ದು ಅನ್ನುವ ಮಾಹಿತಿ, ಎಕ್ಸಿಫ್ ಅಂತಾರಲ್ಲ, ಅದೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಎರಡೂ ಉಳಿಯುತ್ತವೆ, ನಿಜ. ಆದರೆ ಪ್ರತಿ ಸಲ ಅಟ್ಯಾಚ್ ಒತ್ತು, ಡಾಕ್ಯುಮೆಂಟ್ ಒತ್ತು, ಹುಡುಕಿ ಆರಿಸು ಅಂದರೆ ಭಾವ ಕೇಳುವವರಲ್ಲ.

"ನಾ ಫೋಟೊ ಹೊಡೀತೀನಿ, ಅಷ್ಟೇ. ಮುಂದಿಂದೆಲ್ಲಾ ಅದರಷ್ಟಕ್ಕೆ ಅದು ಆಗಬೇಕು ನೋಡಪ್ಪ" ಅಂದರು.

ಹಾಗಾಗಿ ಈ ಕೆಲಸಕ್ಕೆ ಷರತ್ತು ಅದೊಂದೇ. ಭಾವ ಏನನ್ನೂ ಒತ್ತಬಾರದು. ಯಾವ ಆ್ಯಪ್ ಚೆನ್ನಾಗಿದೆ, ಯಾವುದು ಫಾಸ್ಟ್ ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲು ನೆಟ್‌ವರ್ಕು

ಆ್ಯಪ್ ಹಾಕುವ ಮೊದಲು ಮನೆಯ ವೈಫೈ ಹೇಗಿದೆ ಅಂತ ನೋಡಿದೆ. ಫೈಲು ಹೋಗಲ್ಲ, ಡಿವೈಸ್ ಕಾಣಲ್ಲ ಅಂತ ಜನ ಆ್ಯಪನ್ನು ಬೈಯುತ್ತಾರೆ. ಬಹಳಷ್ಟು ಸಲ ಅದರ ತಪ್ಪೇ ಇರುವುದಿಲ್ಲ.

ಇಲ್ಲಿಯೂ ಹಾಗೇ. ರೂಟರಿನಲ್ಲಿ ಎರಡು ವೈಫೈ ಹೆಸರು ಬರುತ್ತಿದ್ದವು. ಒಂದು ಮನೆಯದು, ಇನ್ನೊಂದು ಗೆಸ್ಟ್. ಗೆಸ್ಟಿನ ಪಾಸ್‌ವರ್ಡ್ ಸಲೀಸು ಅಂತ ಭಾವನ ಫೋನ್ ಅದರಲ್ಲೇ ಇತ್ತು. ಗೆಸ್ಟ್ ನೆಟ್‌ವರ್ಕಿನ ಕೆಲಸವೇ ಬಂದವರಿಗೆ ಇಂಟರ್ನೆಟ್ ಕೊಟ್ಟು, ಮನೆಯ ಕಂಪ್ಯೂಟರ್ ಕಾಣದ ಹಾಗೆ ನೋಡಿಕೊಳ್ಳುವುದು. ಅಲ್ಲಿ ಕೂತು ಯಾವ ಆ್ಯಪ್ ಹಾಕಿದರೂ ಕಂಪ್ಯೂಟರ್ ಸಿಗುವುದಿಲ್ಲ. ಫೋನನ್ನು ಮನೆಯ ವೈಫೈಗೆ ತಂದೆ. ಶೆಡ್ಡಿನ ಹುಡುಗರ ಫೋನುಗಳು ಗೆಸ್ಟಿನಲ್ಲೇ ಇರಲಿ ಅಂತ ಬಿಟ್ಟೆ. ಅದು ಅವರಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಕೆಲವು ರೂಟರುಗಳಲ್ಲಿ ಎಪಿ ಐಸೊಲೇಶನ್ ಅಂತ ಇನ್ನೊಂದು ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ಒಂದೇ ವೈಫೈನಲ್ಲಿ ಇದ್ದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದನ್ನೂ ನೋಡಿಕೊಳ್ಳಬೇಕು.

ಇನ್ನು ಕಂಪ್ಯೂಟರಿನ ಕಡೆ. ವಿಂಡೋಸ್‌ನಲ್ಲಿ ಈ ನೆಟ್‌ವರ್ಕ್ ಪಬ್ಲಿಕ್ ಅಂತ ಗುರುತಾಗಿತ್ತು. ಹಾಗಿದ್ದರೆ ಅದು ನಮ್ಮ ಮನೆಯನ್ನೂ ಬಸ್ ಸ್ಟ್ಯಾಂಡಿನ ವೈಫೈ ಅಂದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಮಾಡಿದೆ. ಕಮಾಂಡ್ ಪ್ರಾಂಪ್ಟಿನಿಂದ ಫೋನಿನ ಐಪಿಗೆ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸಕ್ಕೆ, ಇದ್ದೀಯಾ ಅಂತ ಕೂಗಿ ನೋಡುವ ಹಾಗೆ ಪಿಂಗ್ ಹೊಡೆದೆ. ಉತ್ತರ ಬಂತು. ಅಂದರೆ ದಾರಿ ಇದೆ.

ದಾರಿ ಇತ್ತು, ಆದರೆ ನಿಧಾನ. ಡೆಸ್ಕ್‌ಟಾಪಿಗೆ ಹಾಕಿದ್ದ ಸಣ್ಣ ಯುಎಸ್‌ಬಿ ವೈಫೈ ಡಾಂಗಲ್ ಮೇಲೆ 150 ಎಂಬಿಪಿಎಸ್ ಅಂತ ಬರೆದಿತ್ತು. ಬರುತ್ತಿದ್ದದ್ದು ಸೆಕೆಂಡಿಗೆ ಸುಮಾರು ಎರಡು ಎಂಬಿ. ಇದಕ್ಕೆ ಒಂದಲ್ಲ, ಹಲವು ಕಾರಣ. ಡಬ್ಬದ ಮೇಲೆ ಬರೆಯುವುದು ಮೆಗಾಬಿಟ್, ಕಾಪಿ ಮಾಡುವಾಗ ತೋರಿಸುವುದು ಮೆಗಾಬೈಟ್. ಮೊದಲು ಎಂಟರಿಂದ ಭಾಗಿಸಬೇಕು. ಆಮೇಲೆ ವೈಫೈಯಲ್ಲಿ ಬರೆದದ್ದರ ಅರ್ಧ ಸಿಕ್ಕರೆ ಅದೇ ಹೆಚ್ಚು. ಮೇಲಾಗಿ ನಮ್ಮದರಲ್ಲಿ ಫೋನೂ ವೈಫೈ, ಕಂಪ್ಯೂಟರೂ ವೈಫೈ. ಫೋಟೊ ನೇರವಾಗಿ ಫೋನಿನಿಂದ ಕಂಪ್ಯೂಟರಿಗೆ ಹಾರುವುದಿಲ್ಲ. ಫೋನಿನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಕಂಪ್ಯೂಟರಿಗೆ ಇನ್ನೊಮ್ಮೆ. ಎರಡೂ ಒಂದೇ ಚಾನೆಲ್ಲಿನಲ್ಲಿ ಇದ್ದರೆ ಸರದಿ ಮೇಲೆ ಮಾತಾಡಬೇಕು. ಹಾಗಾಗಿ ಸಿಕ್ಕ ವೇಗದಲ್ಲೂ ಅರ್ಧ ಹೋಯಿತು.

ಇನ್ನೊಂದು ಕಾರಣ ಸಿಪಿಯು ಹಿಂದೆ ಬಗ್ಗಿ ನೋಡಿದಾಗ ಸಿಕ್ಕಿತು. ಡಾಂಗಲ್ಲಿನ ಪಕ್ಕದ ಪೋರ್ಟಿಗೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿದ್ದರು. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಬರೆದು ಪ್ರಕಟಿಸಿದೆ. ನಮ್ಮ ಡಾಂಗಲ್ ಕೇಳಿಸಿಕೊಳ್ಳುವುದೂ ಅದೇ 2.4ರಲ್ಲಿ. ಡಾಂಗಲ್ ಕಿತ್ತು ಮುಂದಿನ ಪೋರ್ಟಿಗೆ ಹಾಕಿದ ಕೂಡಲೇ ವೇಗ ಏರಿತು. ಹಣ ಖರ್ಚು ಮಾಡದೆ ಆಗುವ ರಿಪೇರಿ ಇದು. ಡಾಂಗಲ್ ಇರುವವರು ಮೊದಲು ಇದನ್ನೇ ಮಾಡಿ ನೋಡಿ.

ಆದರೂ ನನಗೆ ಸಮಾಧಾನವಾಗಲಿಲ್ಲ. ಹಳೇ ಮನೆ, ದಪ್ಪ ಕಲ್ಲುಗೋಡೆ. ರೂಟರ್ ಇದ್ದದ್ದು ಕಬ್ಬಿಣದ ಅಲ್ಮಾರಿಯ ಹಿಂದೆ, ಚೆನ್ನಾಗಿ ಕಾಣಲ್ಲ ಅಂತ ಅಕ್ಕ ಬಚ್ಚಿಟ್ಟಿದ್ದಳು. ಅದನ್ನು ತೆಗೆದು ಶೆಡ್ಡಿನ ಕಡೆ ಕಿಟಕಿಯ ಮೇಲೆ ಮೊಳೆ ಹೊಡೆದು ತೂಗುಹಾಕಿದೆ. ಡೆಸ್ಕ್‌ಟಾಪ್ ಎಲ್ಲೂ ಓಡಾಡುವುದಿಲ್ಲವಲ್ಲ, ಅದಕ್ಕೆ ವೈಫೈ ಯಾಕೆ? ಲ್ಯಾನ್ ಕೇಬಲ್ ಎಳೆಯುವುದೇ ಸರಿ. ಒಂದು ತುದಿ ವೈರಿಗೆ ಬಂದರೆ ಗಾಳಿಯಲ್ಲಿ ಒಂದೇ ಸಲ ಹೋದರೆ ಸಾಕು.

ನಾಲ್ಕು ತಂತಿಯ ಕಥೆ

ಮನೆಯಲ್ಲಿ ಮೊದಲೇ ಒಂದು ಕೇಬಲ್ ಎಳೆದಿತ್ತು. ಯಾವಾಗಲೋ ಸಿಸಿಟಿವಿ ಹಾಕಲು ಬಂದವರು ಎಳೆದದ್ದು. ಅದನ್ನೇ ಕಂಪ್ಯೂಟರಿಗೆ ಚುಚ್ಚಿದೆ. ಬಂತು, ಆದರೆ ಈಥರ್ನೆಟ್ ಸ್ಟೇಟಸ್‌ನಲ್ಲಿ ಸ್ಪೀಡ್ 100 ಎಂಬಿಪಿಎಸ್ ಅಂತ ತೋರಿಸಿತು. ರೂಟರಿನದೂ ಗಿಗಾಬಿಟ್ ಪೋರ್ಟು, ಕಂಪ್ಯೂಟರಿನದೂ ಗಿಗಾಬಿಟ್. 1000 ಬರಬೇಕಿತ್ತು.

ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಕಿತ್ತಳೆ ಜೋಡಿ, ಹಸಿರು ಜೋಡಿ ಮಾತ್ರ ಹೋಗಿದ್ದವು. ನೀಲಿ, ಕಂದು ಜೋಡಿಗಳನ್ನು ಕತ್ತರಿಸಿ ಒಳಕ್ಕೆ ಮಡಚಿದ್ದರು. 100ಕ್ಕೆ ನಾಲ್ಕೇ ತಂತಿ ಸಾಕು. ಒಂದು, ಎರಡು, ಮೂರು, ಆರನೇ ಪಿನ್ನು. ಕ್ಯಾಮೆರಾಕ್ಕೆ ಅಷ್ಟೇ ಬೇಕಾದದ್ದು, ಅವರು ಅಷ್ಟೇ ಮಾಡಿ ಹೋಗಿದ್ದಾರೆ. ಗಿಗಾಬಿಟ್ಟಿಗೆ ಎಂಟೂ ತಂತಿ ಬೇಕು.

ಕೇಬಲ್ ಗಿಗಾಬಿಟ್ ತಾಳುವ ಕ್ಯಾಟ್ 5ಇ ದರ್ಜೆಯದಾಗಿತ್ತು, ಒಳ್ಳೆಯದೇ. ಎರಡೂ ತುದಿ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಹಾಕಿದೆ. ಮೇಲಿನ ಸಿಪ್ಪೆ ಒಂದು ಇಂಚಿನಷ್ಟು ಸುಲಿದು, ಜೋಡಿಗಳನ್ನು ಬಿಚ್ಚಿ, ಬೆರಳಿನಲ್ಲಿ ತೀಡಿ ನೇರ ಮಾಡಬೇಕು. ಪ್ಲಗ್ಗಿನ ಲಾಕ್ ಕೆಳಗೆ ಬರುವ ಹಾಗೆ ಹಿಡಿದರೆ ಎಡದಿಂದ ಬಣ್ಣ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುತ್ತದೆ, ಕೈ ತಪ್ಪುವುದು ಅಲ್ಲೇ. ಎಂಟನ್ನೂ ಸಮ ಕತ್ತರಿಸಿ ಒಳಗೆ ತಳ್ಳಿ, ಪ್ಲಗ್ಗಿನ ಮೂತಿಯಲ್ಲಿ ಎಂಟು ತಾಮ್ರದ ಚುಕ್ಕೆ ಕಾಣುತ್ತವಾ ಅಂತ ನೋಡಿ ಆಮೇಲೆ ಪ್ಲಗ್ ಬಿಗಿ ಮಾಡುವ ಕ್ರಿಂಪ್ ಇಕ್ಕಳ ಒತ್ತಬೇಕು. ಹೊರಗಿನ ಸಿಪ್ಪೆಯೂ ಪ್ಲಗ್ಗಿನ ಒಳಗೆ ಸ್ವಲ್ಪ ಸಿಕ್ಕಿರಬೇಕು. ಇಲ್ಲದಿದ್ದರೆ ಜಗ್ಗಿದಾಗ ತಂತಿ ಕಿತ್ತು ಬರುತ್ತದೆ.

ಚುಚ್ಚಿದೆ, 1000 ಬಂತು. ಈಗ ಫೋನ್ ರೂಟರಿನ ಹತ್ತಿರ 5 ಗಿಗಾಹರ್ಟ್ಸ್‌ನಲ್ಲಿ ಇದ್ದರೆ ಸೆಕೆಂಡಿಗೆ 25 ಎಂಬಿ ಆಸುಪಾಸು ಹೋಗುತ್ತದೆ. ಹಳೇ ನಾಲ್ಕು ತಂತಿಯಲ್ಲಿ ಎಷ್ಟೇ ಮಾಡಿದರೂ 11-12 ದಾಟುತ್ತಿರಲಿಲ್ಲ. ಶೆಡ್ಡಿನಲ್ಲಿ 5 ಗಿಗಾಹರ್ಟ್ಸ್ ಸಿಗುವುದಿಲ್ಲ, ಕಲ್ಲುಗೋಡೆಗೆ ಅದು ಸೋಲುತ್ತದೆ. ಅಲ್ಲಿ 2.4ರಲ್ಲೇ ನಾಲ್ಕೈದು ಎಂಬಿ. ಒಂದು ಫೋಟೊ ನಾಲ್ಕೈದು ಎಂಬಿ ಇರುವಾಗ ಅಷ್ಟು ಸಾಕಲ್ವಾ.

ಆ್ಯಪುಗಳ ಸರದಿ

ಬ್ಲೂಟೂತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡಿಗೆ 200 ಕೆಬಿ ಅಂತ ಹಿಡಿದರೂ ಒಂದು ಜಿಬಿಗೆ ಒಂದೂಕಾಲು ಗಂಟೆ ಮೇಲೆ ಬೇಕು.

ಕ್ವಿಕ್ ಶೇರ್ ಚೆನ್ನಾಗಿದೆ. ಗೂಗಲ್ಲಿನ ನಿಯರ್‌ಬೈ ಶೇರ್ ಮತ್ತು ಸ್ಯಾಮ್‌ಸಂಗಿನ ಕ್ವಿಕ್ ಶೇರ್ 2024ರ ಜನವರಿಯಲ್ಲಿ ಒಂದಾದವು, ವಿಂಡೋಸಿಗೂ ಇದೆ. ಆದರೆ ಆರಿಸಬೇಕು, ಶೇರ್ ಒತ್ತಬೇಕು, ಕಂಪ್ಯೂಟರ್ ಹೆಸರು ಬರುವ ತನಕ ಕಾಯಬೇಕು. ನಮ್ಮ ಷರತ್ತಿಗೆ ಆಗಲ್ಲ.

ಫೋನನ್ನೇ ಎಫ್‌ಟಿಪಿ ಸರ್ವರ್ ಮಾಡುವ, ಅಂದರೆ ಫೋನಿನ ಫೈಲುಗಳನ್ನು ಕಂಪ್ಯೂಟರಿನಿಂದಲೇ ತೆರೆದು ತೆಗೆದುಕೊಳ್ಳುವ ಹಳೇ ಉಪಾಯ ಅನೇಕ ಫೈಲ್ ಮ್ಯಾನೇಜರ್ ಆ್ಯಪುಗಳಲ್ಲಿ ಈಗಲೂ ಇದೆ. ಅದು 192.168.1.23, ಮುಂದೆ ಕೋಲನ್ 2121 ಅನ್ನುವ ಹಾಗೆ ಒಂದು ವಿಳಾಸ ಕೊಡುತ್ತದೆ. ಇದನ್ನು ಬ್ರೌಸರಿನಲ್ಲಿ ಹೊಡೆಯಿರಿ ಅನ್ನುವ ಹಳೇ ವಿಡಿಯೊಗಳನ್ನು ನಂಬಬೇಡಿ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿ ತೆಗೆದುಹಾಕಿವೆ. ವಿಂಡೋಸ್ ಎಕ್ಸ್‌ಪ್ಲೋರರಿನ ಅಡ್ರೆಸ್ ಪಟ್ಟಿಯಲ್ಲಿ ಹೊಡೆದರೆ ತೆರೆಯುತ್ತದೆ. ತೆರೆದೆ. ಭಾವ "ಕಪ್ಪು ಸ್ಲಿಮ್ ಹಳೇದು" ಅಂತ ಕನ್ನಡದಲ್ಲಿ ಹೆಸರಿಟ್ಟಿದ್ದ ಫೋಲ್ಡರ್ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಬಂತು. ಫೋನ್ ಹೆಸರನ್ನು ಎಲ್ಲ ಲಿಪಿಗೂ ಆಗುವ ಯುಟಿಎಫ್-8ರಲ್ಲಿ ಕಳಿಸುತ್ತದೆ, ಈ ಕಡೆ ಅದನ್ನು ಬೇರೆ ಲೆಕ್ಕದಲ್ಲಿ ಓದುತ್ತಾರೆ. ಫೈಲ್‌ಜಿಲ್ಲಾ ಅನ್ನುವ ಎಫ್‌ಟಿಪಿ ಸಾಫ್ಟ್‌ವೇರ್ ಹಾಕಿ, ಸೈಟ್ ಮ್ಯಾನೇಜರಿನ ಚಾರ್‌ಸೆಟ್‌ನಲ್ಲಿ ಯುಟಿಎಫ್-8 ಕಡ್ಡಾಯ ಮಾಡಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಇದು ಗೊತ್ತಿರಬೇಕು ಅಂತ ಬರೆದೆ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಹೋಗುತ್ತದೆ, ಮನೆಯ ಹೊರಗೆ ಬಳಸಬೇಡಿ.

ಕಂಪ್ಯೂಟರಿನಲ್ಲಿ ಫೋಲ್ಡರ್ ಶೇರ್ ಮಾಡಿ ಫೋನಿನಿಂದ ತೆರೆಯುವುದು ಇನ್ನೊಂದು ದಾರಿ. ಇದರಲ್ಲಿ ಬಹಳ ಜನ ಸಿಕ್ಕಿಬೀಳುವುದು ಪಾಸ್‌ವರ್ಡಿನಲ್ಲಿ. ಕಂಪ್ಯೂಟರ್ ತೆರೆಯಲು ನಾಲ್ಕಂಕಿ ಪಿನ್ ಹೊಡೆಯುತ್ತೇವೆ, ಅದನ್ನೇ ಇಲ್ಲೂ ಹೊಡೆದರೆ ಒಪ್ಪುವುದಿಲ್ಲ. ಪಿನ್ ಆ ಒಂದು ಮಷೀನಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವವರಿಗೆ ಅಲ್ಲ. ಶೇರಿಗೆ ಅಂತಲೇ ಒಂದು ಲೋಕಲ್ ಅಕೌಂಟ್ ಮಾಡಿ, ಅದಕ್ಕೆ ಪಾಸ್‌ವರ್ಡ್ ಇಟ್ಟು, ಆ ಫೋಲ್ಡರಿಗೆ ಮಾತ್ರ ಅನುಮತಿ ಕೊಟ್ಟರೆ ಸಲೀಸು. ಎಸ್‌ಎಂಬಿ1 (ಫೋಲ್ಡರ್ ಶೇರಿಂಗಿನ ತೀರಾ ಹಳೇ ವಿಧಾನ) ಆನ್ ಮಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಮಾಡಲೇಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಜಗತ್ತೆಲ್ಲ ಹರಡಿದ್ದು ಅದರ ತೂತಿನಿಂದಲೇ. ವಿಂಡೋಸ್ ಅದನ್ನು ಬಂದ್ ಮಾಡಿ ಇಟ್ಟಿರುವುದು ಸುಮ್ನೆ ಅಲ್ಲ.

ಲೋಕಲ್‌ಸೆಂಡ್ ಮಾತ್ರ ಉಳಿಸಿಕೊಂಡೆ, ಅಕ್ಕನಿಗಾಗಿ. ಉಚಿತ, ಓಪನ್ ಸೋರ್ಸ್, ಅಕೌಂಟ್ ಬೇಡ, ಇಂಟರ್ನೆಟ್ ಇಲ್ಲದಿದ್ದರೂ ವೈಫೈ ಇದ್ದರೆ ಸಾಕು. ಯಾರಾದರೂ ಬಂದು ಒಂದು ವಿಡಿಯೊ ಕೊಡಬೇಕಾದಾಗ ಇದೇ ಸುಲಭ. ಡಿವೈಸ್ ಕಾಣದಿದ್ದರೆ ಫೈರ್‌ವಾಲಿನಲ್ಲಿ 53317 ಪೋರ್ಟ್ (ಕೇಬಲ್ ಚುಚ್ಚುವ ಜಾಗ ಅಲ್ಲ, ಆ್ಯಪ್ ಮಾತಾಡುವ ಬಾಗಿಲಿನ ನಂಬರ್) ತೆರೆದಿದೆಯಾ ನೋಡಿ.

ಕೊನೆಗೆ ನಿಂತದ್ದು ಸಿಂಕ್‌ಥಿಂಗ್

ಭಾವನ ಷರತ್ತಿಗೆ ಒಪ್ಪಿದ್ದು ಸಿಂಕ್‌ಥಿಂಗ್ ಒಂದೇ. ಎರಡು ಕಡೆ ಒಂದೊಂದು ಫೋಲ್ಡರ್ ತೋರಿಸಿ ಜೋಡಿಸಿಬಿಟ್ಟರೆ, ಒಂದರಲ್ಲಿ ಬಂದದ್ದು ಇನ್ನೊಂದಕ್ಕೆ ತಾನಾಗೇ ಹೋಗುತ್ತದೆ. ನಡುವೆ ಯಾರ ಸರ್ವರಿನಲ್ಲೂ ಫೈಲು ಕೂರುವುದಿಲ್ಲ. ಆಂಡ್ರಾಯ್ಡಿನ ಅಧಿಕೃತ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಈಗ ಸಿಂಕ್‌ಥಿಂಗ್-ಫೋರ್ಕ್ ಅನ್ನುವುದನ್ನು ಹಾಕಬೇಕು, ಎಫ್-ಡ್ರಾಯ್ಡ್ ಅನ್ನುವ ಓಪನ್ ಸೋರ್ಸ್ ಆ್ಯಪುಗಳ ಅಂಗಡಿಯಲ್ಲಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಹಾಕಿದ ಮೇಲೆ ಬ್ರೌಸರಿನಲ್ಲಿ 127.0.0.1, ಪೋರ್ಟ್ 8384 ತೆರೆದರೆ ಅದರ ಪುಟ ಬರುತ್ತದೆ. ಅಲ್ಲಿನ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಈ ಕಡೆ ಒಪ್ಪಿಗೆ ಕೊಟ್ಟರೆ ಜೋಡಿ ಆಯಿತು.

ಫೋನಿನ ಡಿಸಿಐಎಂ ಒಳಗಿನ ಕ್ಯಾಮೆರಾ ಫೋಲ್ಡರನ್ನು ಸೆಂಡ್ ಓನ್ಲಿ ಮಾಡಿದೆ. ಕಂಪ್ಯೂಟರಿನ ಕಡೆ ರಿಸೀವ್ ಓನ್ಲಿ. ಅಕ್ಕ ಇಲ್ಲಿ ಏನೇ ಬದಲಾಯಿಸಿದರೂ ಫೋನಿನ ಅಸಲಿ ಫೋಟೊಗೆ ಏನೂ ಆಗುವುದಿಲ್ಲ.

ಆದರೆ ಇಲ್ಲೊಂದು ಎಚ್ಚರ ಬೇಕು, ಇದನ್ನು ಜನ ಗಮನಿಸುವುದೇ ಇಲ್ಲ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಜಾಗ ಇಲ್ಲ ಅಂತ ಫೋನಿನಲ್ಲಿ ಫೋಟೊ ಅಳಿಸಿದರೆ ಆ ಅಳಿಸುವಿಕೆಯೂ ಸಿಂಕ್ ಆಗಿ ಕಂಪ್ಯೂಟರಿನಲ್ಲೂ ಹೋಗುತ್ತದೆ. ಸೆಂಡ್ ಓನ್ಲಿ ಇದ್ದರೂ ಅಷ್ಟೇ. ಇದಕ್ಕೆ ಎರಡು ಬಂದೋಬಸ್ತು ಮಾಡಿದೆ. ಮೊದಲನೆಯದು, ಕಂಪ್ಯೂಟರಿನ ಕಡೆ ಫೈಲ್ ವರ್ಷನಿಂಗ್‌ನಲ್ಲಿ ಟ್ರ್ಯಾಶ್ ಕ್ಯಾನ್ ಆರಿಸಿ, ದಿನಗಳ ಜಾಗದಲ್ಲಿ ಸೊನ್ನೆ ಹಾಕಿದೆ. ಅಳಿದದ್ದೆಲ್ಲ ಒಂದು ಬಚ್ಚಿಟ್ಟ ಫೋಲ್ಡರಿನಲ್ಲಿ ಉಳಿಯುತ್ತದೆ, ನಾವಾಗಿ ತೆಗೆಯುವ ತನಕ. ಎರಡನೆಯದು, ಅಕ್ಕ ಆ ಫೋಲ್ಡರಿನಲ್ಲೇ ಕೆಲಸ ಮಾಡದೆ, ಬೇಕಾದ ಫೋಟೊಗಳನ್ನು ಲಾಟ್ ನಂಬರಿನ ಫೋಲ್ಡರಿಗೆ ಕಾಪಿ ಮಾಡಿಕೊಳ್ಳುತ್ತಾಳೆ. ಕಟ್ ಅಲ್ಲ, ಕಾಪಿ.

ಇನ್ನೊಂದು ಸಣ್ಣ ಕಿರಿಕಿರಿ. ಆಂಡ್ರಾಯ್ಡ್ 11ರಿಂದ ಈಚೆಗೆ ಗ್ಯಾಲರಿಯಲ್ಲಿ ಅಳಿಸಿದ ಫೋಟೊ ಕೂಡಲೇ ಹೋಗದೆ, ಅದೇ ಫೋಲ್ಡರಿನಲ್ಲಿ ಹೆಸರಿನ ಮುಂದೆ ಚುಕ್ಕೆ ಮತ್ತು ಟ್ರ್ಯಾಶ್ಡ್ ಅಂತ ಅಂಟಿಸಿಕೊಂಡು ಕೂತಿರುತ್ತದೆ. ಸಿಂಕ್‌ಥಿಂಗ್ ಅದನ್ನೂ ಹೊಸ ಫೈಲು ಅಂದುಕೊಂಡು ಹೊತ್ತು ತರುತ್ತದೆ. ಫೋನಿನ ಇಗ್ನೋರ್ ಪ್ಯಾಟರ್ನ್‌ನಲ್ಲಿ ಆ ಚುಕ್ಕೆ-ಟ್ರ್ಯಾಶ್ಡ್ ಹೆಸರು ಬರೆದು, ಕೊನೆಗೆ ಗೀಟು, ನಕ್ಷತ್ರದ ಗುರುತು ಹಾಕಿದರೆ ನಿಲ್ಲುತ್ತದೆ. ಇನ್ನೂ ಪೂರ್ತಿಯಾಗದ ಫೈಲುಗಳಿಗೆ ಪೆಂಡಿಂಗ್ ಅಂತ ಬರುತ್ತದೆ, ಅದಕ್ಕೂ ಹಾಗೇ ಒಂದು ಸಾಲು.

ಮೊದಮೊದಲು ಮಧ್ಯಾಹ್ನ ತೆಗೆದ ಫೋಟೊ ಸಂಜೆಯಾದರೂ ಬರುತ್ತಿರಲಿಲ್ಲ. "ಏನಪ್ಪ, ನಿಂತೇ ಬಿಟ್ಟೈತಲ್ಲ ಇದು" ಅಂತ ಭಾವ ಫೋನ್ ಮಾಡಿದರು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪನ್ನು ಮಲಗಿಸುತ್ತಿತ್ತು. ಬ್ಯಾಟರಿ ಸೆಟ್ಟಿಂಗಿನಲ್ಲಿ ಇದಕ್ಕೆ ನಿರ್ಬಂಧ ಬೇಡ ಅಂತ ಮಾಡಿದ ಮೇಲೆ ಸರಿಹೋಯಿತು. ಕೆಲವು ಕಂಪನಿಗಳ ಫೋನಿನಲ್ಲಿ ಆಟೊಸ್ಟಾರ್ಟ್ ಅಂತ ಬೇರೆ ಇರುತ್ತದೆ, ಅದಕ್ಕೂ ಅನುಮತಿ ಕೊಡಬೇಕು.

ಇನ್ನು ಕರೆಂಟು. ಪಕ್ಕದ ಕುಡಿತಿನಿಯಲ್ಲಿ ಅಷ್ಟು ದೊಡ್ಡ ಥರ್ಮಲ್ ಪ್ಲಾಂಟ್ ಇಟ್ಟುಕೊಂಡೂ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಬಿಡಲ್ಲ. ರೂಟರ್ ಆಫ್ ಆದ ಕೂಡಲೇ ಫೋನು ಮೊಬೈಲ್ ಡೇಟಾಕ್ಕೆ ಜಿಗಿಯುತ್ತದೆ. ಆಗ ಸಿಂಕ್‌ಥಿಂಗ್ ಹೊರಗಿನ ರಿಲೇ, ಅಂದರೆ ಫೈಲನ್ನು ಇಟ್ಟುಕೊಳ್ಳದೆ ದಾಟಿಸುವ ಸರ್ವರ್ ಮೂಲಕ ಫೋಟೊ ಕಳಿಸಲು ನೋಡಬಹುದು. ಡೇಟಾ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ, ಭಯ ಇಲ್ಲ, ಆದರೆ ದಿನದ ಪ್ಯಾಕ್ ಖಾಲಿ. ಅದಕ್ಕೆ ರನ್ ಕಂಡಿಷನ್ಸ್‌ನಲ್ಲಿ ವೈಫೈ ಇದ್ದಾಗ ಮಾತ್ರ, ಅದೂ ಮನೆಯ ವೈಫೈ ಹೆಸರಿನಲ್ಲಿ ಮಾತ್ರ ಅಂತ ಹಾಕಿದೆ. ವೈಫೈ ಹೆಸರು ಓದಲು ಆಂಡ್ರಾಯ್ಡ್ ಲೊಕೇಶನ್ ಅನುಮತಿ ಕೇಳುತ್ತದೆ, ಗಾಬರಿ ಬೇಡ. ಕಂಪ್ಯೂಟರಿನ ಕಡೆ ಇಂಟರ್ನೆಟ್ಟಿನ ಮೂಲಕ ಡಿವೈಸ್ ಹುಡುಕುವ ಗ್ಲೋಬಲ್ ಡಿಸ್ಕವರಿ, ರಿಲೇಯಿಂಗ್ ಎರಡೂ ತೆಗೆದು ಲೋಕಲ್ ಡಿಸ್ಕವರಿ ಒಂದನ್ನೇ ಬಿಟ್ಟೆ. ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಕಟ್ಟಿದ್ದೇನೆ. ಕಂಪ್ಯೂಟರ್ ಆಫ್ ಇದ್ದರೂ ಪರವಾಗಿಲ್ಲ. ಆನ್ ಆದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಇಳಿಯುತ್ತದೆ.

ಇದೇ ದಾರಿಯಲ್ಲಿ ವಾಪಸ್ ಬರುವ ಫೋಲ್ಡರನ್ನೂ ಒಂದು ಮಾಡಿದೆ. ಅಕ್ಕ ಪಿಡಿಎಫ್ ಸೇವ್ ಮಾಡಿದರೆ ಭಾವನ ಫೋನಿಗೆ ಬಂದು ಬೀಳುತ್ತದೆ, ಅವರು ಅಲ್ಲಿಂದ ವ್ಯಾಪಾರಿಗಳಿಗೆ ಕಳಿಸುತ್ತಾರೆ. ಈ ಫೋಲ್ಡರನ್ನು ಮೆಮರಿ ಕಾರ್ಡಿನಲ್ಲಿ ಇಡಲು ಹೋಗಬೇಡಿ. ಕಾರ್ಡಿನಲ್ಲಿ ಬೇಕಾದ ಕಡೆ ಬರೆಯಲು ಆಂಡ್ರಾಯ್ಡ್ ಆ್ಯಪುಗಳಿಗೆ ಬಿಡುವುದಿಲ್ಲ. ಫೋನಿನ ಒಳಗಿನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಮಾಡಿದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಒತ್ತಿದಾಗ ಹೊಸ ಪಿಡಿಎಫ್ ಸುಲಭವಾಗಿ ಕಣ್ಣಿಗೆ ಬೀಳುತ್ತದೆ.